ಹತ್ತು ಗಜದ ದೂರ

ಡ್ರಿಲ್ ಮೇಷ್ಟ್ರಿಗೆ ಜ್ವರ ಬಂದು, ರೆಫರಿಯ ಸೀಟಿ ಗುರುಸಿದ್ದಯ್ಯನ ಕೊರಳಿಗೆ ಬಿತ್ತು. ಗುಂಡ್ಲುಪೇಟೆ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಈತ ಒಮ್ಮೆಯೂ ಫುಟ್‌ಬಾಲಿಗೆ ಕಾಲು ತಾಗಿಸಿದವನಲ್ಲ.

"ಎರಡೇ ನೆನಪಿಟ್ಕಳಿ," ಎಂದರು ಡ್ರಿಲ್ ಮೇಷ್ಟ್ರು ಕಂಬಳಿಯೊಳಗಿಂದ. "ಗೋಲ್ ಕೀಪರ್ ಚೆಂಡು ಇಡ್ಕಂಡು ನಾಕೆಜ್ಜೆ ಮೇಲೆ ನಡೀಬಾರ್ದು. ಫ್ರೀ ಕಿಕ್ ಕೊಟ್ರೆ ಎದುರಿನೋರು ಚೆಂಡಿಂದ ಹತ್ತು ಗಜ ದೂರ ನಿಲ್ಬೇಕು. ಒಂದಂಗುಲಾನೂ ಬುಡಬೇಡಿ."

ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಇವತ್ತು ಊರಿನ ತಂಡಕ್ಕೆ ಎದುರಾಳಿಗಳು ತೆರಕಣಾಂಬಿಯವರು. ಅವರ ನಾಯಕ ಚಿಕ್ಕಬಸವಯ್ಯ ಹೋದ ತಿಂಗಳು ಗುರುಸಿದ್ದಯ್ಯನ ತಂಗಿ ಮಲ್ಲಾಜಮ್ಮನನ್ನು ನೋಡಿಕೊಂಡು ಹೋಗಿದ್ದ. ಅವನ ತಂದೆ ಮಹದೇವಪ್ಪನವರೂ ಆಟ ನೋಡಲು ಬಂದಿದ್ದರು. "ಆಟ ಮುಗೀಲಿ ಮೇಷ್ಟ್ರೆ, ಅಂಗೇ ಮನೆಗ್ ಬಂದು ಒಂದ್ ಮಾತು ಯೋಳ್ಬುಟ್ಟು ಓಯ್ತೀವಿ," ಎಂದಿದ್ದರು.

ಮಲ್ಲಾಜಮ್ಮನಿಗೆ ಇಪ್ಪತ್ತಾರು ದಾಟಿತ್ತು. ಅವ್ವ ಸತ್ತ ಮೇಲೆ ಅಣ್ಣನ ಅಡುಗೆ ಮಾಡಿಕೊಂಡೇ ವಯಸ್ಸು ಕಳೆದವಳು. ಎರಡು ಕಡೆಯವರು ಬಂದು ನೋಡಿ, ಉಂಡು, ಸುಮ್ಮನಾಗಿದ್ದರು. ಬೆಳಿಗ್ಗೆ ಹೂರಣ ರುಬ್ಬುತ್ತ ಅವಳು ಬೇರೇನೂ ಕೇಳಲಿಲ್ಲ. "ಎಷ್ಟ್ ಜನ ಬತ್ತಾರಣ್ಣ?" ಎಂದಷ್ಟೇ ಕೇಳಿದಳು.

ಆಟ ಮುಗಿಯಲು ಐದು ನಿಮಿಷವಿತ್ತು. ಯಾರಿಗೂ ಗೋಲಿಲ್ಲ. ಆಗ ತೆರಕಣಾಂಬಿಯ ಕೀಪರ್ ಚೆಂಡನ್ನು ಎದೆಗವಚಿ, ಮಗುವನ್ನು ಮಲಗಿಸುವವನಂತೆ ಅತ್ತಿತ್ತ ಓಡಾಡಿದ. ಲೆಕ್ಕದ ಮೇಷ್ಟ್ರು ಹೆಜ್ಜೆ ಎಣಿಸದೆ ಇರುತ್ತಾರೆಯೇ? ಏಳು. ಸೀಟಿ ಊದಿಯೇಬಿಟ್ಟ.

ಗೋಲಿಗೆ ಆರೇ ಗಜದಲ್ಲಿ ಫ್ರೀ ಕಿಕ್. ಚಿಕ್ಕಬಸವಯ್ಯ ಎಲ್ಲರನ್ನೂ ಗೋಲಿನ ಗೆರೆಯ ಮೇಲೆ ಗೋಡೆಯಂತೆ ನಿಲ್ಲಿಸಿದ.

"ಹತ್ತು ಗಜ ಆಗಿಲ್ಲ. ಇನ್ನೂ ಹಿಂದಕ್ಕೆ," ಎಂದ ಗುರುಸಿದ್ದಯ್ಯ.

"ಇನ್ನೆಲ್ಲಿಗ್ ಓಗದು ಮೇಷ್ಟ್ರೆ? ಹಿಂದ್ಕೆ ಬೇಲಿ ಅದೆ," ಎಂದ ಚಿಕ್ಕಬಸವಯ್ಯ.

"ಬೀಗರ ಕಡೀಕೆ ವಾಲ್ಬುಡಬೇಡಿ ಮೇಷ್ಟ್ರೆ," ಎಂದು ಅಂಚೆಯ ರಾಚಯ್ಯ ಜನರ ನಡುವಿನಿಂದ ಕೂಗಿದ. ಬಟ್ಟೆ ಅಂಗಡಿ ನಿಂಗಯ್ಯ, ಯಾರೂ ಕೇಳದಿದ್ದರೂ, ಅಂಗಡಿಯಿಂದ ಗಜದ ಕೋಲು ತಂದು ನೆಲದ ಮೇಲೆ ಸೀರೆ ಅಳೆಯುವಂತೆ ಅಳೆದ. ಹತ್ತನೆಯ ಗಜ ಗೋಲಿನ ಕಂಬ ದಾಟಿ ಲಂಟಾನದ ಬೇಲಿಯೊಳಗೆ ಹೋಯಿತು.

ಗುರುಸಿದ್ದಯ್ಯನಿಗೆ ಒಬ್ಬಟ್ಟಿನ ಕಾವಲಿಯ ಮುಂದೆ ಕೂತ ತಂಗಿ ಕಣ್ಣೆದುರು ಬಂದಳು. ಆದರೂ ನಿಯಮ ನಿಯಮವೇ. ಹನ್ನೊಂದು ಜನರೂ, ಕೀಪರ್ ಸಮೇತ, ಪಂಚಾಯಿತಿಯಲ್ಲಿ ತಪ್ಪು ಒಪ್ಪಿದವರಂತೆ ತಲೆತಗ್ಗಿಸಿ ಬೇಲಿಯೊಳಗೆ ನಿಂತರು. ಗುಂಡ್ಲುಪೇಟೆಯ ಹುಡುಗನೊಬ್ಬ ಚೆಂಡನ್ನು ಪಕ್ಕದವನಿಗೆ ತಳ್ಳಿದ. ಅವನು ಅದನ್ನು ಕರು ಅಟ್ಟಿದಂತೆ ನಿಧಾನವಾಗಿ ಗೋಲಿನೊಳಗೆ ಅಟ್ಟಿದ. ಆಟ ಅಲ್ಲಿಗೆ ಮುಗಿಯಿತು. ಚಿಕ್ಕಬಸವಯ್ಯ ತೋಳಿನ ಮುಳ್ಳು ಕಿತ್ತುಕೊಳ್ಳುತ್ತ ಅಪ್ಪನ ಕಡೆಗೆ ಹೋದ.

ಸೀಟಿ ವಾಪಸು ಕೊಡಲು ಹೋದಾಗ ನಡೆದದ್ದನ್ನು ಕೇಳಿ ಡ್ರಿಲ್ ಮೇಷ್ಟ್ರು ಎದ್ದು ಕೂತರು.

"ಬೇಲಿಯೊಳಗಾ? ಗೋಲು ಅಷ್ಟು ಹತ್ರ ಇದ್ರೆ ಗೆರೆ ಮೇಲೆ, ಕಂಬದ ನಡುವೆ ನಿಲ್ಬೌದು ಕಣ್ರೀ. ಅವ್ರು ನಿಂತಿದ್ದದ್ದೇ ಸರಿ."

"ನೀವು ಅದ ಯೋಳ್ನಿಲ್ವಲ್ಲ."

"ಜ್ವರ ಬಂದಿತ್ತು," ಎಂದು ಅವರು ಮತ್ತೆ ಮಲಗಿದರು.

ಗುರುಸಿದ್ದಯ್ಯ ಏದುಸಿರು ಬಿಡುತ್ತ ಮನೆಗೆ ಬಂದ. ಜಗಲಿಯ ಮೇಲೆ ಅಪ್ಪ, ಮಗ ಕೂತಿದ್ದರು. ಸಿಟ್ಟಾಗಿಯೇ ಬಂದಿರಬೇಕು, ಮೊದಲು ತಪ್ಪೊಪ್ಪಿಕೊಂಡರೆ ಮನಸ್ಸು ಕರಗೀತು ಎಂದುಕೊಂಡು ನಿಂತಲ್ಲೇ ಕೈ ಮುಗಿದ.

"ಯಜಮಾನ್ರೆ, ತಪ್ಪು ನಂದು. ನಿಮ್ಮೋರು ನಿಂತಿದ್ದದ್ದೇ ಸರಿ. ಆ ನಿಯಮ ನಂಗ್ ಗೊತ್ತಿರ್ನಿಲ್ಲ."

ಮಹದೇವಪ್ಪನವರು ಮಗನ ಮುಖ ನೋಡಿದರು. ಆಗಷ್ಟೇ ಗುರುಸಿದ್ದಯ್ಯನಿಗೆ ತಟ್ಟೆ ಕಾಣಿಸಿದ್ದು. ಅದರಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಹಸಿರು ರವಿಕೆ ಕಣ.

"ನೆಂಟಸ್ತನ ಕೆಟ್ರೂ ಸರಿ, ನ್ಯಾಯ ಬುಡ್ದ ಮನುಷ್ಯ. ಇಂತಾ ಮನೆ ಎಣ್ಮಗ್ಳೇ ಬೇಕು ಅಂತ ನನ್ ಮಗ್ನೇ ಯೋಳ್ದ," ಎಂದರು ಅವರು ಮೆಲ್ಲಗೆ. "ತಿಳೀದೆ ನಮ್ಮುಡುಗ್ರ ಮುಳ್ಳಲ್ ನಿಲ್ಸುದ್ರಿ ಅಂದ್ಮೇಲೆ, ನಾಳೆ ಊರಲ್ ನಾನ್ಯಾವ ಮೊಕ ಇಟ್ಕಂಡು ನಿಮ್ಮ ಬೀಗ್ರು ಅನ್ಲಿ ಮೇಷ್ಟ್ರೆ?"

ಕಣವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಚಿಕ್ಕಬಸವಯ್ಯ ಬಾಗಿಲ ಕಡೆ ಒಮ್ಮೆ ನೋಡಿ, ಅಪ್ಪನ ಹಿಂದೆ ಹೊರಟ.

ಮಲ್ಲಾಜಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಡುಗೆಮನೆಯಿಂದ ಹೊರಗೆ ಬಂದು, ಊಟಕ್ಕೆ ಹಾಸಿದ್ದ ಮೂರು ಎಲೆಗಳಲ್ಲಿ ಎರಡನ್ನು ಎತ್ತಿದಳು.

"ಕೈಕಾಲ್ ತೊಳ್ಕಂಡ್ ಬಾ ಅಣ್ಣ," ಎಂದಳು. "ಒಬ್ಬಟ್ಟು ಆರೋಯ್ತದೆ."