ಆರು ಮೇಜು ಸುತ್ತಿದ 142857 ಅವರಿಗೆ

ಮಾನ್ಯ 142857 ಅವರೇ,

ನನಗೆ ಮದುವೆಯಾಯಿತು! ಕಾರ್ಕಳದ ಹಾಲ್‌ನಲ್ಲಿ, ಎಂಟುನೂರು ಜನರ ಎದುರು, ಉದ್ಯಾವರದ ಉಜ್ವಲ್ ಎಂಬ ಬಹಳ ಬಹಳ ಚಂದದ ಮನುಷ್ಯನ ಜೊತೆ ಆಯಿತು. ಊಟ ಮಾಡಿದವರೆಲ್ಲ ಇದನ್ನು ನಂಬಿದ್ದಾರೆ, ನಂಬದೆ ಉಳಿದಿರುವುದು ತಾವು ವಾಸವಾಗಿರುವ ನೋಂದಣಿ ಕಚೇರಿ ಒಂದೇ. ಅದು ಹಿರಿಯಡ್ಕದ ಆಚೆಯೋ ಈಚೆಯೋ ಎಂದು ನಾನು ಬಾಯಿ ಬಿಡುವುದಿಲ್ಲ, ತಮ್ಮ ಮರ್ಯಾದೆ ದೊಡ್ಡದು.

ತಾವು ನನ್ನ ವಿವಾಹ ನೋಂದಣಿ ಅರ್ಜಿಯ ಸಂಖ್ಯೆ. ಸರ್ಟಿಫಿಕೇಟ್ ಕೈಗೆ ಬಂದರೆ ಮಾತ್ರ ನನಗೆ ಮಸ್ಕತ್ತಿನ ವೀಸಾ. ಉಜ್ವಲ್ ರಜೆ ಮುಗಿದು ಹೊರಟೇಬಿಟ್ಟರು. ಅವರನ್ನು ಮುಂಬಯಿಯಲ್ಲಿ ವಿಮಾನ ಹತ್ತಿಸಿ ನಾನು ಇಲ್ಲೇ ಚಿಕ್ಕಮ್ಮನ ಮನೆಯಲ್ಲಿ ಕುಳಿತಿದ್ದೇನೆ. ಮಸ್ಕತ್ತಿನ ಮನೆಗೆ ಉಜ್ವಲ್ ಎರಡು ತಟ್ಟೆ ತಂದಿದ್ದಾರಂತೆ, ಒಂದರ ಸ್ಟಿಕ್ಕರ್ ಇನ್ನೂ ಕಿತ್ತಿಲ್ಲ.

ಮೊದಲ ಭೇಟಿಯಲ್ಲಿ ತಾವು 142857 ಆಗಿದ್ದಿರಿ. ಎರಡನೆಯ ಸಲ ಹೋದಾಗ ಕೌಂಟರಿನ ವಲೇರಿಯನ್ ಸರ್, "ಅದು ಹಳತಾಯಿತಲ್ಲ ಅಮ್ಮ, ಹೊಸ ನಂಬರ್ ಬಿದ್ದಿದೆ, ಆಚೆ ಮೇಜಿಗೆ ಹೋಗಿ" ಎಂದು ಕೊಟ್ಟ ಚೀಟಿಯಲ್ಲಿ 285714. ಮೂರನೆಯ ಸಲ 428571. ಆಮೇಲೆ 571428, 714285, 857142. ಪ್ರತಿ ಸಲವೂ ಬೇರೆ ಮೇಜು. ನನ್ನ ಕಡತ ಆರು ಹೆರಿಗೆ ಕಂಡಿತೆಂದು ನಾನು ಅತ್ತದ್ದೂ ಉಂಟು.

ಮಣಿಪಾಲದಲ್ಲಿ ಗಣಿತ ಕಲಿಸುವ ನನ್ನ ಅತ್ತಿಗೆ ಮೋಕ್ಷಕ್ಕನಿಗೆ ಹೋದ ವಾರ ಚೀಟಿಗಳ ಫೋಟೋ ಕಳಿಸಿದೆ. ಫೋನಿನಲ್ಲಿ ಅವರ ನಗು ನಿಲ್ಲಲೇ ಇಲ್ಲ. "ಎಂತ ಮಾರಾಯ್ತಿ, ಎರಡನೇ ಸಲ ಎರಡರಿಂದ ಗುಣಿಸಿದ್ದಾರೆ, ಮೂರನೇ ಸಲ ಮೂರರಿಂದ! ಅಂಕಿ ಅವೇ ಆರು, ಕುರ್ಚಿ ಮಾತ್ರ ಬದಲು!"

ಅಂದಿನಿಂದ ನಾನು ತಮ್ಮ ಅಭಿಮಾನಿ. ಆರರವರೆಗೆ ಯಾವುದರಿಂದ ಗುಣಿಸಿದರೂ ಹೊಸಬರು ಒಳಗೆ ಬರುವುದಿಲ್ಲ, ಹಳಬರು ನಿವೃತ್ತರಾಗುವುದಿಲ್ಲ, ಒಂದರ ಹಿಂದೆ ನಾಲ್ಕು, ನಾಲ್ಕರ ಹಿಂದೆ ಎರಡು ಎಂಬ ಸಾಲೂ ಕದಲುವುದಿಲ್ಲ. ಇಷ್ಟು ದುಡಿದೂ ಏನೂ ಬದಲಾಗದಂತೆ ನೋಡಿಕೊಳ್ಳುವ ಶಿಸ್ತು ಯಾರಿಗೆ ಬರುತ್ತದೆ! ತಮ್ಮ ಮೊದಲರ್ಧ 142ನ್ನು ಉಳಿದರ್ಧ 857ಕ್ಕೆ ಕೂಡಿಸಿದರೆ 999, ಆರೂ ಚೀಟಿಗಳಲ್ಲಿ ಹಾಗೆಯೇ. ಎರಡು ಕಡೆಯವರು ಇಷ್ಟು ಹೊಂದಿಕೊಂಡ ಮದುವೆ ನಾನು ಕಂಡಿಲ್ಲ. ಅದು ಯಾವ ಕಚೇರಿಯಲ್ಲಿ ನೋಂದಣಿಯಾಯಿತೆಂದು ದಯಮಾಡಿ ತಿಳಿಸಿದರೆ ನಾವೂ ಅಲ್ಲಿಗೇ ಅರ್ಜಿ ಹಾಕುತ್ತೇವೆ.

ಏಳರಿಂದ ಗುಣಿಸಿದರೆ ಮಾತ್ರ ತಾವು 999999. ಆರು ಮೇಜಿಗೂ ಒಂದೇ ಮಾತು! ಆ ಮಾತು "ನಾಳೆ ಬನ್ನಿ" ಎಂದಾಗದಿರಲಿ ಎಂಬುದಷ್ಟೇ ಪ್ರಾರ್ಥನೆ. ಎಂಟನೆಯ ಸಲ ಬರಿಸಬೇಡಿ. ಆಗ ತಾವು 1142856, ಏಳಂಕಿ. ಕಚೇರಿಗೆ ಇನ್ನೊಂದು ಮೇಜು ಮಂಜೂರಾಗುವವರೆಗೆ ಉಜ್ವಲ್ ಆ ತಟ್ಟೆಯನ್ನು ಏನು ಮಾಡಬೇಕು?

ಏಳನೆಯ ಭೇಟಿಯ ಉತ್ಸಾಹದಲ್ಲಿ,
ತಮ್ಮ ವಿಶ್ವಾಸಿ,
ಚೈತಾಲಿ (ಶ್ರೀಮತಿ ಎಂದು ಬರೆಯಲು ತಮ್ಮ ಅಪ್ಪಣೆ ಬಾಕಿ)

ವಿ.ಸೂ.: ನನ್ನ ರೈಲಿನ ಸಂಖ್ಯೆ 12619. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ ಎಂದು ಮೋಕ್ಷಕ್ಕ ಲೆಕ್ಕ ಹಾಕಿ ಹೇಳಿದ್ದಾರೆ, ಆದ್ದರಿಂದ ಅದರಲ್ಲಿ ಬಂದವಳನ್ನು ಮೇಜಿಗಿಷ್ಟು ಎಂದು ಹಂಚುವುದು ಕಷ್ಟವಾದೀತು. ವಲೇರಿಯನ್ ಸರ್‌ಗೂ ತಿಳಿಸಿಡಿ: ಗುರುವಾರ ಬೆಳಿಗ್ಗೆ, ಉಡುಪಿ ಸ್ಟೇಷನ್, ಮತ್ಸ್ಯಗಂಧ ಎಕ್ಸ್‌ಪ್ರೆಸ್.