ಕಾರು ಕುಡಿದ ಪಾಯಸ

ಈ ವಿಷಯವನ್ನು ಹೇಳಿಬಿಡಬೇಕೆಂದು ಕುಳಿತು, ಹೇಳದೆ ಎದ್ದುಹೋದದ್ದು ಎಷ್ಟು ಸಲವೋ. ಪೆನ್ನು ಹಿಡಿದರೆ ಕಾಫಿ ನೆನಪಾಗುತ್ತದೆ. ಕಾಫಿ ಕುಡಿದು ಬಂದರೆ ಹಿತ್ತಲಲ್ಲಿ ಹುಲ್ಲು ಬೆಳೆದಿರುವುದು ಕಾಣುತ್ತದೆ. ಹುಲ್ಲು ಕತ್ತರಿಸಲು ಹೊರಟರೆ ಮಳೆ ಶುರುವಾಗುತ್ತದೆ. ಮಳೆ ನಿಲ್ಲಲಿ, ಆಮೇಲೆ ಬರೆದರಾಯಿತು ಎಂದುಕೊಳ್ಳುತ್ತೇನೆ. ಸಿಯಾಟಲ್ ಕಡೆ ಇರುವವರಿಗೆ ಗೊತ್ತು, ಇಲ್ಲಿ ಮಳೆ ನಿಂತ ಮೇಲೆ ಮಾಡುತ್ತೇನೆ ಎಂದವನು ಯಾವ ಕೆಲಸವನ್ನೂ ಮಾಡಿ ಮುಗಿಸಿದ್ದಿಲ್ಲ. ತಪ್ಪು ಮಾಡುವುದಕ್ಕೆ ಯಾರೂ ಪಂಚಾಂಗ ನೋಡುವುದಿಲ್ಲ. ಒಪ್ಪಿಕೊಳ್ಳುವುದಕ್ಕೆ ಮಾತ್ರ ನನಗೆ ಯಾವತ್ತೂ ರಾಹುಕಾಲವೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಿಪಟೂರಿನಿಂದ ಅಕ್ಕನ ಬೆನ್ನು ಹಿಡಿದು ಈ ದೇಶಕ್ಕೆ ಬಂದು, ಸಿಯಾಟಲ್ ಪಕ್ಕದ ರೆಂಟನ್ನಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ ನಿವೃತ್ತನಾದವನು. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಕಲ್ಲೆಸೆದರೆ ಇಂಜಿನಿಯರಿಗೆ ಬೀಳುತ್ತದೆ, ತಪ್ಪಿದರೆ ಪಕ್ಕದಲ್ಲಿರುವ ಡಾಕ್ಟರೇಟಿಗೆ. ಅಂಥವರ ನಡುವೆ ನನಗಿದ್ದ ಒಂದೇ ಪದವಿಯೆಂದರೆ ‘ಕಾರ್ ವಿಷಯ ಅಂಕಲ್‌ನ ಕೇಳಿ’ ಎನ್ನುವುದು. ಯಾರಾದರೂ ಕಾಲ್ ಮಾಡಿ ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದರೆ ಸಾಕು, ಕಣ್ಣು ಮುಚ್ಚಿ ಕೇಳಿ, ‘ಬೆಲ್ಟು’ ಎಂದೋ ‘ಬೇರಿಂಗು’ ಎಂದೋ ಹೇಳಿಬಿಡುತ್ತಿದ್ದೆ. ಅರ್ಧದಷ್ಟು ಸಲ ಸರಿಯಾಗುತ್ತಿತ್ತು. ಉಳಿದ ಅರ್ಧದ ವಿಷಯ ಅವರು ಸಂಕೋಚಕ್ಕೆ ಹೇಳುತ್ತಿರಲಿಲ್ಲ, ನಾನು ಭಯಕ್ಕೆ ಕೇಳುತ್ತಿರಲಿಲ್ಲ. ಹೀಗೆ ನನ್ನ ಕೀರ್ತಿ ಬೆಳೆಯಿತು.

ಮಗಳು ಮತ್ತು ಅಳಿಯ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅಳಿಯ ಕಾರ್ತಿಕ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ನಿದ್ದೆಯ ಬಗ್ಗೆ ಸಂಶೋಧನೆ ಮಾಡುತ್ತಾನೆ. ಸೈಕಲ್ಲಿನಲ್ಲಿ ಓಡಾಡುತ್ತಾನೆ, ಕಾರು ಬೇಡವಂತೆ. ಆದ್ದರಿಂದ ಎರಡು ಮನೆಗಳಿಗೆ ಸೇರಿ ಇದ್ದದ್ದು ನನ್ನ ಹಳೆಯ ಕಾರೊಂದೇ. ಅದು ನನ್ನ ಕೈಗೆ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಆಮೇಲೆ ನಾವಿಬ್ಬರೂ ಒಟ್ಟಿಗೆ ಮುದುಕರಾದೆವು. ಆ ವರ್ಷ ಕಾರ್ತಿಕನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಮೈಸೂರಿನಿಂದ ಬಂದು ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದರು. ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು. ಯುಗಾದಿ ಊಟಕ್ಕೆ ನಮ್ಮ ಮನೆಗೆ ಬಳಗದವರನ್ನೆಲ್ಲ ಕರೆದಿದ್ದೆವು. ‘ಗಸಗಸೆ ಪಾಯಸ ನಾನು ಮಾಡ್ಕೊಂಡು ಬರ್ತೀನಿ’ ಎಂದು ಅವರಾಗಿಯೇ ಹೇಳಿದರು. ಮಗಳು ಅಳಿಯ ಮೊದಲೇ ಬಂದಿದ್ದರಿಂದ ಬೀಗಿತ್ತಿಯನ್ನು ಕರೆತರಲು ನಾನು ಹೋದೆ. ಅವರು ಮುಂದಿನ ಸೀಟಿನಲ್ಲಿ ಕುಳಿತು, ಡಬರಿಯ ಬಾಯಿಗೆ ಬಟ್ಟೆ ಕಟ್ಟಿ, ಎರಡು ಪಾದಗಳ ನಡುವೆ ಇಟ್ಟುಕೊಂಡರು.

ಚಳಿ ಇತ್ತು, ಹೀಟರ್ ಹಾಕಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಮಬ್ಬು ಕೂರತೊಡಗಿತು. ಕರ್ಚೀಫಿನಿಂದ ಒರೆಸಿದರೆ ಎಣ್ಣೆ ಸವರಿದ ಹಾಗೆ ಇನ್ನಷ್ಟು ಮಬ್ಬಾಯಿತು. ಕಾರಿನ ತುಂಬ ಸಿಹಿ ವಾಸನೆ. ನಾನು, ‘ಪಾಯಸ ಘಮಘಮ ಅಂತಿದೆ ಬೀಗರೇ’ ಎಂದೆ. ‘ಏಲಕ್ಕಿ ಒಂಚೂರು ಜಾಸ್ತಿ ಆಯ್ತೇನೋ’ ಎಂದು ಅವರು ಸಂತೋಷಪಟ್ಟರು. ಈಗ ಯೋಚಿಸಿದರೆ, ಆ ಹೊಗಳಿಕೆಯೂ ಪಾಯಸಕ್ಕೆ ಸಲ್ಲಬೇಕಾದದ್ದಲ್ಲ.

ಮನೆಯ ಮುಂದೆ ಇಳಿದಾಗ ನೋಡಿದರೆ ಅವರ ಕಾಲ ಕೆಳಗಿನ ಮ್ಯಾಟು ಒದ್ದೆ ಮುದ್ದೆ. ‘ಅಯ್ಯೋ, ಪಾಯಸ ಚೆಲ್ಲಿಬಿಟ್ರಾ!’ ಎಂದು ಕೂಗಿದೆ. ಬಾಗಿಲಲ್ಲಿ ನಿಂತಿದ್ದ ಅತಿಥಿಗಳೆಲ್ಲ ತಿರುಗಿದರು. ‘ಇಲ್ಲ ಬೀಗರೇ, ಒಂದು ತೊಟ್ಟೂ ಚೆಲ್ಲಿಲ್ಲ. ಕಟ್ಟಿದ ಬಟ್ಟೆ ಒಣಗೇ ಇದೆ ನೋಡಿ’ ಎಂದರು ಅವರು. ಬಟ್ಟೆ ಒಣಗೇ ಇತ್ತು. ಡಬರಿಯೂ ಕಂಠಮಟ್ಟ ಇತ್ತು. ಆದರೆ ನೋಡುವವರು ಇದ್ದಾಗ ನನ್ನ ಪಾಂಡಿತ್ಯ ಸುಮ್ಮನಿರುವುದಿಲ್ಲ. ಬಗ್ಗಿ, ಮ್ಯಾಟಿಗೆ ಬೆರಳು ಒತ್ತಿ, ನಾಲಗೆಗೆ ತಾಗಿಸಿ, ‘ಸಿಹಿ! ಪಾಯಸವೇ!’ ಎಂದು ತೀರ್ಪು ಕೊಟ್ಟೆ. ಕಾರ್ತಿಕ್ ಫೋನು ತೆಗೆದು, ‘ಮಾವ, ಕಾರಲ್ಲಿ ಸಿಹಿ ವಾಸನೆ ಬಂದ್ರೆ ಕೂಲೆಂಟ್ ಲೀಕ್ ಇರಬಹುದು ಅಂತ ಇಲ್ಲಿ ಹಾಕಿದಾರೆ’ ಎಂದ. ‘ನೀವು ಇಲಿ ನೋಡ್ಕೊಳ್ಳಿ ಕಾರ್ತಿಕ್, ಕಾರು ನಾನು ನೋಡ್ಕೋತೀನಿ’ ಎಂದೆ. ಎಲ್ಲರೂ ನಕ್ಕರು. ನಕ್ಕವರನ್ನು ಕಂಡರೆ ನನಗೆ ಇನ್ನಷ್ಟು ಉಮೇದು. ಪಂಕ್ತಿಯಲ್ಲಿ ಬೀಗಿತ್ತಿ ಪಾಯಸ ಬಡಿಸುತ್ತ ಬಂದಾಗ, ‘ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿಸ್ಕೊಳ್ರಪ್ಪಾ, ಅರ್ಧ ಪಾಯಸ ಆಗ್ಲೇ ನಮ್ಮ ಕಾರು ಕುಡಿದುಬಿಟ್ಟಿದೆ’ ಎಂದೆ. ಮನೆ ಬಿದ್ದುಹೋಗುವ ಹಾಗೆ ನಗು. ಅವರು ತಲೆ ಎತ್ತಲಿಲ್ಲ. ನನ್ನ ಲೋಟಕ್ಕೂ ತುಂಬ ಹಾಕಿ ಮುಂದೆ ಹೋದರು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡ ಮೇಲೂ ಡಬರಿಯಲ್ಲಿ ಪಾಯಸ ಉಳಿದಿತ್ತು.

ಅಂದಿನಿಂದ ಅವರು ನನ್ನ ಕಾರು ಹತ್ತಲಿಲ್ಲ. ನಮ್ಮಲ್ಲಿಗೆ ಬರಬೇಕಾದರೆ ರೈಲು ಹತ್ತಿ, ಇಳಿದು, ಮಳೆಯಲ್ಲಿ ಬಸ್ಸಿಗೆ ಕಾದು, ಕೊಡೆ ಹಿಡಿದು ನಡೆದುಕೊಂಡು ಬರುತ್ತಿದ್ದರು. ‘ಕಾಲ್ ಮಾಡಿದ್ರೆ ನಾನು ಬರ್ತಿರ್ಲಿಲ್ವಾ ಬೀಗರೇ?’ ಎಂದರೆ, ‘ಬಸ್ಸೇ ಆರಾಮ. ಬರಿಗೈಲಿ ಬಂದಿದೀನಿ, ಏನೂ ಚೆಲ್ಲೋ ಹಾಗಿಲ್ಲ’ ಎಂದು ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದರು. ಮೊದಲೆಲ್ಲ ಕೈಯಲ್ಲಿ ಏನಾದರೂ ಡಬ್ಬಿ ಇಲ್ಲದೆ ಬಂದವರೇ ಅಲ್ಲ.

ಮ್ಯಾಟು ತೊಳೆದೆ. ಒಣಗಿತು. ಹಾಸಿದೆ. ಮತ್ತೆ ಒದ್ದೆಯಾಯಿತು. ಸೋಡಾಪುಡಿ ಹಾಕಿ ಉಜ್ಜಿದೆ, ನಿಂಬೆಹಣ್ಣು ಇಟ್ಟೆ. ಹೆಂಡತಿ ಸರೋಜಾ ಊದುಬತ್ತಿ ತೋರಿಸಿದಳು. ನಾನು, ‘ಗಸಗಸೆ ಅಂದ್ರೆ ಹಾಗೇ, ಒಳಗೆ ಇಳ್ಕೊಂಡುಬಿಡುತ್ತೆ’ ಎಂದು ಬಂದವರಿಗೆಲ್ಲ ಉಪನ್ಯಾಸ ಕೊಟ್ಟೆ. ಇದೇ ಸಮಯದಲ್ಲಿ ಇಂಜಿನ್ನು ತಣ್ಣಗಿಡುವ ಹಸಿರು ಕೂಲೆಂಟು ಡಬ್ಬಿಯಲ್ಲಿ ಇಳಿಯುತ್ತಲೇ ಇತ್ತು. ನಾನು ತುಂಬಿಸುತ್ತಲೇ ಇದ್ದೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ತಲೆಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದದ್ದನ್ನು ಒರೆಸಿಕೊಂಡೆ, ಗಾಜು ಒರೆಸಿದ ಹಾಗೆ, ಇನ್ನಷ್ಟು ಮಬ್ಬಾಗಲೆಂದು.

ಕೊನೆಗೊಂದು ದಿನ ಮ್ಯಾಟಿನ ಬದಲು ಬಿಳಿಯ ಹಳೇ ಟವಲ್ ಹಾಸಿ, ಹೀಟರ್ ಹಾಕಿ, ಅಂಗಡಿಗೆ ಹೋಗಿ ಬಂದೆ. ಟವಲಿನ ಮೇಲೆ ಹಸಿರು ಕಲೆ. ಮುಟ್ಟಿದರೆ ಜಾರುತ್ತದೆ. ಮೂಸಿದರೆ ಸಿಹಿ. ಚೆಲ್ಲಿದ ಪಾಯಸ ಒಣಗಿದ ಮೇಲೆ ಮತ್ತೆ ಒಸರುವುದಿಲ್ಲ, ಹಸಿರಂತೂ ಆಗುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಹೀಟರ್ ಕೋರ್ ಎನ್ನುತ್ತಾರೆ. ಇಂಜಿನ್ನಿನ ಬಿಸಿ ಕೂಲೆಂಟು ಅದರೊಳಗೆ ಹರಿಯುತ್ತದೆ; ಅದರ ಮೇಲೆ ಫ್ಯಾನು ಬೀಸಿದ ಗಾಳಿಯೇ ನಮ್ಮ ಕಾಲಿಗೆ ಬೆಚ್ಚಗೆ ತಾಗುವುದು. ಅದು ತೂತಾಗಿತ್ತು. ಆವಿ ಗಾಜಿಗೆ, ಹನಿ ಮ್ಯಾಟಿಗೆ, ಅಪವಾದ ಬೀಗಿತ್ತಿಗೆ.

ನನಗೆ ಮೊದಲು ಬಂದ ಯೋಚನೆ ಅವರದಲ್ಲ, ನನ್ನ ನಾಲಗೆಯದು. ಕೂಲೆಂಟು ವಿಷ. ಒಳಗೆ ಹೋಗಿ ಸರೋಜಾಗೆ, ‘ಅವತ್ತು ನಾನು ನೆಕ್ಕಿದ್ದು ವಿಷ ಕಣೇ’ ಎಂದೆ. ಅವಳು ಇಡೀ ಕಥೆ ಕೇಳಿ, ‘ನಿಮಗೇನೂ ಆಗಲ್ಲ ಬಿಡಿ. ಆ ನಾಲಗೆ ಮುಂದೆ ಯಾವ ವಿಷ ನಿಲ್ಲುತ್ತೆ?’ ಎಂದಳು. ಆಮೇಲೆ, ‘ಈಗ್ಲೇ ಫೋನ್ ಮಾಡಿ ಅವರಿಗೆ ತಪ್ಪಾಯ್ತು ಅನ್ನಿ’ ಎಂದಳು. ‘ಮೊದಲು ರಿಪೇರಿ ಆಗ್ಲಿ. ಡಯಾಗ್ನೋಸಿಸ್ ಖಚಿತ ಆಗದೆ ಹೇಗೆ ಹೇಳೋದು?’ ಎಂದೆ.

ಖಚಿತ ಮಾಡಿಕೊಳ್ಳಲು ಹೀಟರ್ ಕೋರಿಗೆ ಹೋಗುವ, ಬರುವ ಎರಡು ಕೊಳವೆಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿದೆ. ಈಗ ಕೂಲೆಂಟು ಕಾರಿನ ಒಳಗೆ ಬರುವುದೇ ಇಲ್ಲ. ಸೋರಿಕೆ ನಿಂತಿತು. ಬೆಚ್ಚನೆ ಗಾಳಿಯೂ ನಿಂತಿತು. ಕಂಬಳಿ ಹೊದ್ದು ಡ್ರೈವ್ ಮಾಡಿದೆ. ಡಯಾಗ್ನೋಸಿಸ್ ಇದಕ್ಕಿಂತ ಖಚಿತವಾಗುವಂತಿರಲಿಲ್ಲ. ಆಗ, ಪೂರ್ತಿ ಹೊಸ ಕೋರ್ ಹಾಕಿದ ಮೇಲೆಯೇ ಹೇಳುವುದು ಗೌರವ ಎಂದುಕೊಂಡೆ. ಆ ಪಾರ್ಟು ಅಂಥದ್ದೇನೂ ದೊಡ್ಡದಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಗ್ಯಾರೇಜಿನ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಸ್ಟಿಯರಿಂಗ್ ಇಳಿಬಿದ್ದು, ರೇಡಿಯೋ ಹೊರಬಂದು, ವೈರುಗಳು ಶಾವಿಗೆಯಂತೆ ಜೋಲಾಡಿದವು. ಹೊರಗೆ ಯಾವ ಕಾರು ನಿಂತ ಸದ್ದಾದರೂ ಕಾರ್ತಿಕನೇ ಬಂದನೆಂದು ಹೊಸ ಕೋರಿನ ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದೆ ತಳ್ಳುತ್ತಿದ್ದೆ. ಅವನು ಬರುವುದು ಸೈಕಲ್ಲಿನಲ್ಲಿ ಎನ್ನುವುದು ಆಮೇಲೆ ನೆನಪಾಗುತ್ತಿತ್ತು. ಸರೋಜಾ ಕಾಫಿ ತಂದುಕೊಟ್ಟು, ನೆಲದ ತುಂಬ ಹರಡಿದ ಸ್ಕ್ರೂಗಳನ್ನು ದಾಟುತ್ತ, ‘ಇಷ್ಟೆಲ್ಲ ಬಿಚ್ಚೋದಕ್ಕಿಂತ ಬಾಯಿ ಬಿಚ್ಚೋದು ಸುಲಭ ಅಲ್ವೇನ್ರೀ?’ ಎಂದಳು. ನಾನು ಕಾರಿನ ಕೆಳಗೆ ಏನೋ ಹುಡುಕುವವನಂತೆ ತಲೆ ತೂರಿಸಿದೆ.

ಹಳೆಯ ಕೋರು ಕೈಗೆ ಬಂತು. ಅದರ ಅಂಚಿನಲ್ಲಿ ಹಸಿರು ಹುಡಿ ಗಟ್ಟಿಯಾಗಿ ಕೂತಿತ್ತು. ಎಷ್ಟೋ ಕಾಲದಿಂದ ಒಸರುತ್ತಿದ್ದ ಗಾಯ. ಅದನ್ನು ಚೀಲದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದೆ. ಸಾಕ್ಷಿ ನಾಶ ಮಾಡುವವರು ಹೇಗಿರುತ್ತಾರೆ ಎನ್ನುವುದು ಆಗ ತಿಳಿಯಿತು. ಸುತ್ತ ನೋಡುತ್ತಾರೆ, ಆಮೇಲೆ ಕೈ ತೊಳೆಯುತ್ತಾರೆ. ಕಾರು ಮತ್ತೆ ಜೋಡಿಸಿದೆ. ಕೆಲವು ಸ್ಕ್ರೂಗಳು ಉಳಿದವು. ಹೀಟರ್ ಹಾಕಿದರೆ ಶುದ್ಧವಾದ ಬಿಸಿ ಗಾಳಿ, ವಾಸನೆಯೇ ಇಲ್ಲ. ಹೇಳುವುದಕ್ಕೆ ಇನ್ನು ಯಾವ ಅಡ್ಡಿಯೂ ಉಳಿಯಲಿಲ್ಲವಲ್ಲ ಎಂದು ಬಾನೆಟ್ ತೆರೆದು ಇನ್ನೊಮ್ಮೆ ಹುಡುಕಿದೆ.

ಅಷ್ಟರಲ್ಲಿ ಬೀಗಿತ್ತಿ ಮೈಸೂರಿಗೆ ಹೊರಡುವ ದಿನ ಬಂತು. ‘ರೈಲಲ್ಲೇ ಏರ್‌ಪೋರ್ಟಿಗೆ ಹೋಗ್ತೀನಿ’ ಎಂದು ಅವರು ಹಟ ಹಿಡಿದರು. ಸರೋಜಾ ನನಗೆ, ‘ಅವರು ವಿಮಾನ ಹತ್ತೋದ್ರೊಳಗೆ ನೀವು ಹೇಳಿರ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ’ ಎಂದು ಗಡುವು ಕೊಟ್ಟಳು. ನಾನು ಅವರನ್ನು ಕಾಡಿ ಬೇಡಿ ಒಪ್ಪಿಸಿದೆ. ಸೂಟ್‌ಕೇಸುಗಳನ್ನೆಲ್ಲ ಬೇಕೆಂದೇ ಹಿಂದಿನ ಸೀಟಿಗೆ ತುಂಬಿದೆ. ಜಾಗವಿಲ್ಲದೆ ಮಗಳು ಅಳಿಯ ರೈಲಿನಲ್ಲಿ ಬಂದು ಅಲ್ಲೇ ಸೇರುವುದೆಂದಾಯಿತು. ಬೀಗಿತ್ತಿ ಮುಂದಿನ ಸೀಟಿನಲ್ಲಿ ಕುಳಿತು, ಪಾದಗಳನ್ನು ಮ್ಯಾಟಿನ ಅಂಚಿಗೆ ಒತ್ತಟ್ಟಿಗೆ ಇಟ್ಟುಕೊಂಡರು, ಬೇರೆಯವರ ಹೊಸ ಜಮಖಾನದ ಮೇಲೆ ಕುಳಿತವರ ಹಾಗೆ.

ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ‘ಬೀಗರೇ, ಅವತ್ತು ಚೆಲ್ಲಿದ್ದು ಪಾಯಸ ಅಲ್ಲ.’ ಇಷ್ಟೇ. ಹೆದ್ದಾರಿ ಹತ್ತಿದ ಮೇಲೆ ಹೇಳೋಣವೆಂದರೆ ಟ್ರಾಫಿಕ್ಕು. ಟ್ರಾಫಿಕ್ಕು ತೆರವಾದರೆ ಮಳೆ. ಮಳೆಯಲ್ಲಿ ವೈಪರ್ ಆಡುವಾಗ ಇಂಥ ಮಾತು ಸರಿಯಾಗಿ ಕೇಳಿಸುವುದಿಲ್ಲ ಎನಿಸಿತು. ಏರ್‌ಪೋರ್ಟಿನ ಬೋರ್ಡು ಕಂಡಿತು. ಈಗ, ಎಂದುಕೊಂಡು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರೇ ಬಾಯಿ ತೆರೆದರು.

‘ಈಗ ವಾಸನೆ ಇಲ್ಲ ಅಲ್ವಾ ಬೀಗರೇ?’

‘ಇಲ್ಲ... ಚೆನ್ನಾಗಿ ತೊಳೆಸ್ದೆ’ ಎಂದುಬಿಟ್ಟೆ.

‘ನನಗೆ ಅದೇ ಕೊರೀತಿತ್ತು. ಅವತ್ತು ನಾನು ಅಷ್ಟು ಖಂಡಿತವಾಗಿ ಚೆಲ್ಲಿಲ್ಲ ಅನ್ನಬಾರದಿತ್ತು. ವಯಸ್ಸಾಯ್ತು, ಕೈ ನಡುಗುತ್ತೆ, ಚೆಲ್ಲಿದ್ದು ಗೊತ್ತಾಗಿಲ್ವೇನೋ. ನಿಮ್ಮ ಕಾರು ಹಾಳು ಮಾಡಿದೆ. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ.’

ಓದುಗರೇ, ಕಾರು ನಿಲ್ಲಿಸಿ ಆ ಹೆಂಗಸಿನ ಕಾಲಿಗೆ ಬೀಳಬೇಕಾದ ಗಳಿಗೆ ಅದು. ಅವರ ಕೈ ನಡುಗುತ್ತಿರಲಿಲ್ಲ. ಮಡಿಲಲ್ಲಿ ಪಾಸ್‌ಪೋರ್ಟ್ ಹಿಡಿದು ಗಟ್ಟಿಯಾಗಿ ಕುಳಿತಿದ್ದವು ಆ ಕೈಗಳು. ತಮ್ಮ ಕೈ ತಮ್ಮ ಮಾತು ಕೇಳುತ್ತಿಲ್ಲ ಎಂದು ಅವರು ನಂಬುವಂತೆ ಮಾಡಿದವನು ನಾನು. ಅಂಥ ನಾನು ಏನು ಹೇಳಿದೆ ಗೊತ್ತೇ? ‘ಛೆ ಛೆ, ಪರವಾಗಿಲ್ಲ ಬಿಡಿ ಬೀಗರೇ. ಯಾರಿಗಾದ್ರೂ ಆಗುತ್ತೆ.’ ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದೆ.

ಮನೆಗೆ ಬಂದಾಗ ಸರೋಜಾ ಬಾಗಿಲಲ್ಲೇ, ‘ಮಾತಾಡಿದ್ರಾ?’ ಎಂದಳು. ‘ಆಯ್ತು, ಎಲ್ಲ ತಿಳಿಯಾಯ್ತು’ ಎಂದೆ. ‘ತಪ್ಪಾಯ್ತು ಅನ್ನೋ ಮಾತು ಬಂತು ತಾನೇ?’ ‘ಬಂತು’ ಎಂದೆ. ಯಾರ ಬಾಯಿಂದ ಎಂದು ಅವಳು ಕೇಳಲಿಲ್ಲ. ಅವತ್ತು ಸಂಜೆ ನನಗಿಷ್ಟವೆಂದು ಬೋಂಡಾ ಕರಿದುಕೊಟ್ಟಳು. ನಾನು ಚಟ್ನಿ ಕೇಳಿ ಹಾಕಿಸಿಕೊಂಡು ತಿಂದೆ.

ಈಗ ಹಬ್ಬಹಬ್ಬಕ್ಕೆ ಮೈಸೂರಿಗೆ ವಿಡಿಯೋ ಕಾಲ್ ಮಾಡುತ್ತೇವೆ. ಅವರು ಪರದೆಯ ಮೇಲೆ ಬಂದ ಕೂಡಲೇ ನಾನು ಅಲ್ಲಿನ ಸೆಕೆಯ ವಿಷಯ ಕೇಳಿ ಎದ್ದುಹೋಗುತ್ತೇನೆ. ಈಚೆಗೆ ಅವರು ಪಾಯಸದ ಪಾತ್ರೆ ಎತ್ತುವುದಿಲ್ಲವಂತೆ, ಕೆಲಸದವಳ ಕೈಲೋ ಪಕ್ಕದ ಮನೆಯವರ ಕೈಲೋ ಎತ್ತಿಸುತ್ತಾರಂತೆ. ಮಗಳು ಹೇಳಿದಳು. ಇಲ್ಲಿ ಅವರನ್ನು ಉದ್ದಕ್ಕೂ ಬೀಗಿತ್ತಿ, ಬೀಗಿತ್ತಿ ಎನ್ನುತ್ತ ಬಂದೆ. ಸಂಬಂಧ ಹೇಳಿದರೆ ಹೆಸರು ಹೇಳುವ ಕಷ್ಟ ತಪ್ಪುತ್ತದಲ್ಲ. ನಿಮ್ಮ ಮುಂದೆ ಇಷ್ಟು ಧೈರ್ಯ ಮಾಡಿದವನು, ಅವರ ಮುಂದೆ ಆಗದಿದ್ದರೂ, ಹೆಸರನ್ನಾದರೂ ಬರೆಯುತ್ತೇನೆ. ಆ ಯುಗಾದಿಯ ದಿನ ಡಬರಿ ತುಂಬ ಗಸಗಸೆ ಪಾಯಸವನ್ನು ಒಂದು ತೊಟ್ಟೂ ಚೆಲ್ಲದೆ ತಂದವರು ವಿಶಾಲಾಕ್ಷಮ್ಮ.