ಸದರಿ ಕೋಣೆ

ಎಂಬತ್ತನಾಲ್ಕು ಪೆಟ್ಟಿಗೆಗಳಲ್ಲಿ ಒಂದೂ ಅತ್ತಿತ್ತ ಆಗದಂತೆ ಮನೆ ಬದಲಾಯಿಸಿ ತೋರಿಸುತ್ತೇನೆಂದು ನಾನು ಘೋಷಿಸಿದ್ದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ಇದು ಹಗುರವಾದ ಬಾಯಿಮಾತಾಗಿರಲಿಲ್ಲ. ಮೂವತ್ತೇಳು ವರ್ಷ ದಾಖಲೆ ಕೋಣೆಯನ್ನು ನೋಡಿಕೊಂಡು, ಒಂದು ಕಡತವನ್ನೂ ಕಳೆಯದೆ ನಿವೃತ್ತನಾದವನ ಘೋಷಣೆ. ಮೇಲಾಗಿ, ಗ್ರಂಥಾಲಯದವರು ಹಿರಿಯರಿಗಾಗಿ ನಡೆಸಿದ ಆರು ವಾರಗಳ ಕಂಪ್ಯೂಟರ್ ತರಗತಿಯನ್ನು ಒಂದು ದಿನವೂ ತಪ್ಪಿಸಿಕೊಳ್ಳದ ಏಕೈಕ ವಿದ್ಯಾರ್ಥಿ ನಾನು.

ಮೂರನೇ ಮಹಡಿಯ ಮೆಟ್ಟಿಲುಗಳು ನಮ್ಮ ಮಂಡಿಗಳಿಗೆ ಒಗ್ಗದ ಕಾರಣ ಎರಡು ಬೀದಿ ಆಚೆಯ ನೆಲಮಹಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಒಂದೇ ತೊಡಕು. ಪತ್ನಿಯ ಕಣ್ಣಿನ ಪೊರೆ ತೆಗೆದು ಒಂಬತ್ತು ದಿನವಾಗಿತ್ತು. ಕಪ್ಪು ಕನ್ನಡಕ ತೆಗೆಯುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ನಾಲ್ಕು ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕಲೇಬೇಕು. "ಒಂದು ಹೊತ್ತೂ ತಪ್ಪಬಾರದು, ತಪ್ಪಿದರೆ ಸೋಂಕಾಗಬಹುದು" ಎಂದು ವೈದ್ಯರು ಬೆರಳೆತ್ತಿ ಎಚ್ಚರಿಸಿದ್ದರು.

"ರೀ, ಬಾಕ್ಸ್ ಮೇಲೆ ಪೆನ್ನಲ್ಲಿ ಬರೆದರೆ ಸಾಲದಾ?" ಎಂದಳು ಪತ್ನಿ.

"ಅದು ಹಳೆಯ ಕ್ರಮ."

"ನಿಮಗಿಂತ ಹಳೇದೇನಲ್ಲ."

ಉತ್ತರಿಸಿ ಸಮಯ ವ್ಯರ್ಥಮಾಡದೆ ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಎಂಬತ್ತನಾಲ್ಕು ಸಾಲುಗಳ ಒಂದು ಫೈಲ್. ಸಾಲಿಗೊಂದು ಪೆಟ್ಟಿಗೆ, ಅದು ಯಾವ ಕೋಣೆಗೆ ಹೋಗಬೇಕು, ಒಳಗೇನಿದೆ ಎಂಬ ವಿವರ. ಬಳಿಕ ಒಂಬತ್ತು ಸಾಲಿನ ಒಂದು ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಕೊಡುವ ಆದೇಶ. ಅದು ಫೈಲನ್ನು ತೆರೆಯುತ್ತದೆ, ಒಂದು ಸಾಲು ಓದುತ್ತದೆ, ಒಂದು ಚೀಟಿ ಮುದ್ರಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. ಸಾಲುಗಳು ಮುಗಿದ ಮೇಲೆ ಫೈಲನ್ನು ಮುಚ್ಚುತ್ತದೆ. ಈ ಕೊನೆಯ ಅಂಶವನ್ನು ನಾನು ಮರೆಯಲಿಲ್ಲ. ತೆರೆದ ಕಡತವನ್ನು ಹಾಗೆಯೇ ಬಿಟ್ಟು ಎದ್ದುಹೋಗುವ ಗುಮಾಸ್ತನನ್ನು ನನ್ನ ಸೇವಾವಧಿಯಲ್ಲಿ ನಾನೆಂದೂ ಕ್ಷಮಿಸಿದವನಲ್ಲ.

ಚೀಟಿಗಳು ಬಂದವು. ಎಣಿಸಿದೆ, ಎಂಬತ್ತನಾಲ್ಕು. ಮೊದಲನೆಯದನ್ನು ಓದಿದೆ: "ಅಡುಗೆಮನೆ, ಪಾತ್ರೆಗಳು." ನಿರ್ದುಷ್ಟವಾಗಿತ್ತು. ಹಾಳೆಗಳನ್ನು ಸಾಮಾನು ಸಾಗಿಸುವವರ ಮೇಸ್ತ್ರಿಗೆ ಒಪ್ಪಿಸಿ, ಅಂಟಿಸುವ ಕೆಲಸವನ್ನು ಅವನ ಜನಕ್ಕೆ ಬಿಟ್ಟು, ನಾನು ಹೊಸ ಮನೆಗೆ ನಡೆದೆ. ಅಲ್ಲಿ ಐದು ಬಾಗಿಲುಗಳ ಮೇಲೆ ಐದು ಕೋಣೆಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಆರನೆಯದು ಕಿಟಕಿಯಿಲ್ಲದ ಪುಟ್ಟ ಕೋಣೆ. ಅಲ್ಲಿಗೆ ಯಾವ ಪೆಟ್ಟಿಗೆಯೂ ಹೋಗಬೇಕಾಗಿರಲಿಲ್ಲವಾದ್ದರಿಂದ ಅದಕ್ಕೆ ಹೆಸರು ಕೊಡಲಿಲ್ಲ.

ಬುಧವಾರ ಸಾಮಾನು ಹೊರಟಿತು. ನಾನು ಹಳೆಯ ಮನೆಯ ಬಾಗಿಲಲ್ಲಿ ನಿಂತು ಪೆಟ್ಟಿಗೆಗಳನ್ನು ಎಣಿಸುತ್ತಿದ್ದೆ. ಗಮನಿಸಬೇಕು, ಎಣಿಸುತ್ತಿದ್ದೆ, ಓದುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಪತ್ನಿಯ ಕಣ್ಣಿಗೆ ಹನಿ ಹಾಕಿದೆ. ಅವಳು ಸೀಸೆಯನ್ನೂ ವೈದ್ಯರ ಚೀಟಿಯನ್ನೂ ಮಲಗುವ ಕೋಣೆಯ ಕೊನೆಯ ಪೆಟ್ಟಿಗೆಯಲ್ಲಿಟ್ಟಳು. ಮುಂದಿನ ಹನಿ ನಾಲ್ಕು ಗಂಟೆಗೆ.

ಎರಡೂಮುಕ್ಕಾಲಿಗೆ ನಾವಿಬ್ಬರೂ ಹೊಸ ಮನೆ ತಲುಪಿದಾಗ ಮಲಗುವ ಕೋಣೆಯಲ್ಲಿ ಪೆಟ್ಟಿಗೆಗಳಿದ್ದದ್ದು ಮೂರು. ಇರಬೇಕಾದದ್ದು ಇಪ್ಪತ್ತು. ಅಡುಗೆಮನೆಯಲ್ಲಿ ನಾಲ್ಕು. ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದ.

"ಎಲ್ಲಾ ಇಳಿಸಿದ್ವಿ ಸಾರ್. ಮನೆ ಚೆನ್ನಾಗಿದೆ. ಆದ್ರೆ ಆ ಸದರಿ ರೂಮು ಬಹಳ ಸಣ್ಣದಾಯ್ತು."

"ಯಾವ ರೂಮು?"

"ಅದೇ ಸಾರ್, ಬಾಗಿಲ ಮೇಲೆ ಹೆಸರಿಲ್ಲವಲ್ಲ, ಅದು. ಮಿಕ್ಕ ಐದಕ್ಕೂ ಹೆಸರಿತ್ತು. ಸದರಿ ಅಂದ್ರೆ ಇದೇ ಇರಬೇಕು ಅಂತ ನಾವೇ ತಿಳ್ಕೊಂಡ್ವಿ."

ಬಾಗಿಲು ತೆರೆದೆ. ನೆಲದಿಂದ ಛಾವಣಿಯವರೆಗೆ ಎಪ್ಪತ್ತೊಂದು ಪೆಟ್ಟಿಗೆಗಳ ಗೋಡೆ. ಪ್ರತಿಯೊಂದರ ಮೇಲೂ ಒಂದೇ ಪದ: "ಸದರಿ."

ಓದುಗರಿಗೆ ವಸ್ತುಸ್ಥಿತಿಯನ್ನು ನಿವೇದಿಸಬೇಕು. ದಾಖಲೆಯಲ್ಲಿ ಮೇಲಿನ ಸಾಲಿನ ವಿವರವೇ ಕೆಳಗೂ ಅನ್ವಯಿಸುವಾಗ ಅದನ್ನು ಮತ್ತೆ ಬರೆಯುವುದು ಮಸಿಯ ದುರ್ವ್ಯಯ. "ಸದರಿ" ಎಂದರೆ ಸಾಕು. ಹೊಸದಾಗಿ ಸೇರಿದ ಗುಮಾಸ್ತನಿಗೂ ಇದು ಮೊದಲ ದಿನವೇ ತಿಳಿಯುತ್ತದೆ. ಹೀಗಾಗಿ ಕೋಣೆಯಾಗಲಿ ಸರಕಾಗಲಿ ಬದಲಾದಾಗ ಮಾತ್ರ ಪೂರ್ಣ ವಿವರ ಬರೆದಿದ್ದೆ. ಅಂಥ ಸಾಲುಗಳು ಹದಿಮೂರು. ಮಿಕ್ಕವು ಸದರಿ.

ಮಗಳಿಗೆ ಫೋನ್ ಮಾಡಿ ಯಂತ್ರದ ಕರ್ತವ್ಯಲೋಪವನ್ನು ವಿವರಿಸಿದೆ. ಕಂಪ್ಯೂಟರಿಗೆ ಇಂಥ ಆದೇಶಗಳನ್ನು ಬರೆಯುವುದೇ ಅವಳ ವೃತ್ತಿ.

"ಅಪ್ಪ, ಅದರ ತಪ್ಪೇನೂ ಇಲ್ಲ. ಅದು ಒಂದು ಸಲಕ್ಕೆ ಒಂದೇ ಸಾಲು ಓದೋದು. ಮುಂದಿನ ಸಾಲು ಓದಿದ ತಕ್ಷಣ ಹಿಂದಿನದನ್ನ ಮರೆತುಬಿಡುತ್ತೆ. ನೆನಪಿಟ್ಟುಕೋ ಅಂತ ನೀನೇ ಬರೀಬೇಕಿತ್ತು."

ಫೋನಿನ ಧ್ವನಿ ಪತ್ನಿಗೂ ಕೇಳಿಸುತ್ತಿತ್ತು. "ಹಿಂದಿನದನ್ನೆಲ್ಲ ಮರೆತುಬಿಡುತ್ತಂತಾ? ಅದನ್ನೇ ಮದುವೆಯಾಗಬಹುದಿತ್ತು" ಎಂದಳು.

ಹಾಸ್ಯಕ್ಕೆ ಅದು ಸಮಯವಾಗಿರಲಿಲ್ಲ. ಮೂರೂಕಾಲು. ನಾನು ಬೀದಿ ಕೊನೆಯ ಔಷಧಿ ಅಂಗಡಿಗೆ ಓಡಿದೆ. "ಡಾಕ್ಟರ ಚೀಟಿ ಇಲ್ಲದೆ ಈ ಹನಿ ಕೊಡೋ ಹಾಗಿಲ್ಲ ಸಾರ್. ಚೀಟಿ ಎಲ್ಲಿದೆ?" ಎಂದು ಅಂಗಡಿಯವನು ಕೇಳಿದ. ಸದರಿ ಕೋಣೆಯಲ್ಲಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ, ಎಲ್ಲರೂ ಕೆಲಸದಲ್ಲಿದ್ದಾರೆ, ಕಾಯಿರಿ ಎಂದು ಒಂದು ಧ್ವನಿ ಮತ್ತೆ ಮತ್ತೆ ಹೇಳುತ್ತಿತ್ತು.

ಮರಳಿ ಬಂದು ಪೆಟ್ಟಿಗೆಗಳನ್ನು ಬಿಚ್ಚತೊಡಗಿದೆ. ಮೊದಲನೆಯದರಲ್ಲಿ ಪುಸ್ತಕ. ಎರಡನೆಯದರಲ್ಲೂ ಪುಸ್ತಕ. ಮೂರನೆಯದರಲ್ಲಿ ಬಾಣಲೆಗಳು. ಅವುಗಳ ಹಿಂದಿನ ಸಾಲಿಗೆ ಕೈ ಎಟಕುತ್ತಿರಲಿಲ್ಲ. ಪತ್ನಿ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು. ಅವಳು ಬೈಯದೇ ಇದ್ದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಗಂಟೆ ನಾಲ್ಕಾಗಲು ಹತ್ತು ನಿಮಿಷವಿದ್ದಾಗ ಅವಳು ಬಾಯಿಬಿಟ್ಟಳು. "ರೀ, ಬಿಚ್ಚೋದು ನಿಲ್ಲಿಸಿ. ಅಲಾರಂ ಗಡಿಯಾರಾನೂ ಆ ಸೀಸೆ ಇರೋ ಬಾಕ್ಸಲ್ಲೇ ಇಟ್ಟಿದ್ದೀನಿ. ಹನಿ ಹೊತ್ತಿಗೆ ಅಂತ ನಾಲ್ಕಕ್ಕೆ ತಿರುಗಿಸಿಟ್ಟಿದ್ದೆ. ಎಲ್ಲರೂ ಮಾತಾಡದೆ ನಿಂತ್ಕೊಳ್ಳಿ."

ಮೇಸ್ತ್ರಿ, ಅವನ ಮೂವರು ಆಳುಗಳು ಮತ್ತು ಮಾಜಿ ದಾಖಲೆ ಅಧಿಕಾರಿಯಾದ ನಾನು, ಐವರೂ ರಟ್ಟಿನ ಗೋಡೆಗೆ ಕಿವಿಯಾನಿಸಿ ನಿಂತೆವು. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಗೋಡೆಯ ಹೊಟ್ಟೆಯೊಳಗಿಂದ ಕ್ಷೀಣವಾದ ಗಂಟೆಯ ಸದ್ದು ಬಂತು.

"ಮೂರನೇ ಸಾಲು, ಕೆಳಗಿಂದ ಎರಡನೇದು" ಎಂದ ಮೇಸ್ತ್ರಿ.

ಅವರು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿ ಅದನ್ನು ಹೊರಗೆಳೆದರು. ನಾಲ್ಕು ಗಂಟೆ ಆರು ನಿಮಿಷಕ್ಕೆ ಹನಿ ಕಣ್ಣಿಗೆ ಬಿತ್ತು. ಹಾಕಿದವನು ಮೇಸ್ತ್ರಿ. ನಾನಿನ್ನೂ ನನ್ನ ಓದುವ ಕನ್ನಡಕ ಹುಡುಕುತ್ತಿದ್ದೆ.

ಮರುದಿನ ವೈದ್ಯರು ಪರೀಕ್ಷಿಸಿ, ಕಣ್ಣು ಚೆನ್ನಾಗಿದೆ, ಆದರೆ ಇನ್ನೂ ಮೂರು ವಾರ ಬಗ್ಗಕೂಡದು ಎಂದರು. ಅಲ್ಲಿಂದ ಬಂದ ಒಂದು ಗಂಟೆಯೊಳಗೆ ಆ ಪುಟ್ಟ ಕೋಣೆಯ ಬಾಗಿಲಿಗೆ ಪತ್ನಿಯ ದೊಡ್ಡ ಅಕ್ಷರಗಳ ಹಾಳೆಗಳು ಅಂಟಿದ್ದವು.

"ಪೆಟ್ಟಿಗೆ ಒಂದು: ಬಿಚ್ಚುವುದು, ಒಳಗಿನದನ್ನು ಅದರದರ ಜಾಗದಲ್ಲಿ ಇಡುವುದು, ಖಾಲಿ ರಟ್ಟು ಮಡಿಸುವುದು. ಮಾಡುವವರು: ಮನೆಯ ಯಜಮಾನರು."

ಅದರ ಕೆಳಗೆ ಎಪ್ಪತ್ತು ಸಾಲುಗಳು. ಪ್ರತಿ ಸಾಲಿನಲ್ಲೂ "ಸದರಿ."

ಕನ್ನಡಕ ಸರಿಪಡಿಸಿಕೊಂಡು ಆರಂಭದಿಂದ ಪರಿಶೀಲಿಸಿದೆ. ಸಂಖ್ಯೆ ಸರಿಯಿತ್ತು, ಕ್ರಮ ಸರಿಯಿತ್ತು, ಅರ್ಥದಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ. ಮೂವತ್ತೇಳು ವರ್ಷಗಳ ಅನುಭವಕ್ಕೆ ಒಂದು ಆಕ್ಷೇಪಣೆಯೂ ದೊರೆಯದೆ ನಾನು ಮೂವತ್ತನೆಯ ಸಾಲಿನಲ್ಲಿದ್ದಾಗ ಹಿಂದಿನಿಂದ ಪತ್ನಿಯ ಧ್ವನಿ ಬಂತು.

"ಎಲ್ಲ ಒಂದೇ ಸಲ ಓದ್ತಾ ನಿಂತ್ರೆ ಹೇಗೆ? ಒಂದು ಸಾಲು ಓದಿ, ಒಂದು ಬಾಕ್ಸ್ ಬಿಚ್ಚಿ. ಆಮೇಲೆ ಮುಂದಿನ ಸಾಲು."